ಮಣ್ಣಿಗೆ ಹೋಗಿ ಬಂದ ಮೇಲೆ



ನಮ್ಮಲ್ಲಿ ದತ್ತಿ ಉಪನ್ಯಾಸಗಳು ಬಹುಪಾಲು ತೀರಿಕೊಂಡ ತಂದೆತಾಯಿಗಳ ಹೆಸರಿನಲ್ಲಿ ನಡೆಯುತ್ತವೆ. ಮಕ್ಕಳು ಒಂದಿಷ್ಟು ಹಣವನ್ನು ಠೇವಣಿ ಇಡುತ್ತಾರೆ. ಅದರ ಬಡ್ಡಿಯಲ್ಲಿ ವರ್ಷಕ್ಕೊಮ್ಮೆ ಸಭೆ ಸೇರುತ್ತದೆ, ಹಿರಿಯರ ಫೋಟೋಕ್ಕೆ ಹಾರ ಬೀಳುತ್ತದೆ, ಆಮೇಲೆ ನನ್ನಂಥವರೊಬ್ಬರು ಪಂಪನ ಬಗ್ಗೆಯೋ ವಚನಗಳ ಬಗ್ಗೆಯೋ ಮಾತಾಡಿ ಹೋಗುತ್ತಾರೆ. ಆ ಫೋಟೋದಲ್ಲಿರುವವರು ಹೇಗೆ ಬದುಕಿದರು, ಏನು ಕೆಲಸ ಮಾಡಿದರು ಎಂಬ ಮಾತು ಮಾತ್ರ ಸಭೆಯಲ್ಲಿ ಬರುವುದು ಕಡಿಮೆ. ಈ ಸಲ ಅದನ್ನೇ ವಿಷಯ ಮಾಡಿಕೊಳ್ಳುತ್ತೇನೆ ಎಂದಾಗ ಸಂಘಟಕರು ಸಂತೋಷದಿಂದ ಒಪ್ಪಿದರು. ಅವರಿಗೆ ನನ್ನ ಕೃತಜ್ಞತೆ.

ನನ್ನ ಮಾತಿನ ಎಲ್ಲೆಯನ್ನು ಮೊದಲೇ ಹೇಳಿಬಿಡುತ್ತೇನೆ. ಚಳ್ಳಕೆರೆ ಮತ್ತು ಮೊಳಕಾಲ್ಮುರು, ಈ ಎರಡು ತಾಲ್ಲೂಕುಗಳ ಆಚೆಗೆ ನಾನು ಹೆಚ್ಚು ಹೋಗುವುದಿಲ್ಲ. ಹೋದ ವರ್ಷ, ಹೋದ ತಿಂಗಳು ನಿಮ್ಮ ನಿಮ್ಮ ಊರುಗಳಲ್ಲಿ ತೀರಿಕೊಂಡ ಶೇಂಗಾ ಬೆಳೆಗಾರರು, ಕಂಬಳಿ ನೇಯುವವರು, ರೇಷ್ಮೆ ಮಗ್ಗದವರು, ಕಿಲಾರಿಗಳು, ಸೂಲಗಿತ್ತಿಯರು, ಎಣ್ಣೆ ಮಿಲ್ಲಿನ ಹಮಾಲರು ಇವರ ನೆನಪು ಎಲ್ಲಿ ಉಳಿಯುತ್ತದೆ, ಹೇಗೆ ಉಳಿಯಬೇಕು ಎಂಬುದು ನನ್ನ ಪ್ರಶ್ನೆ. ಮೊದಲು ಕಲ್ಲಿನಲ್ಲಿ ಉಳಿದ ನೆನಪನ್ನು ನೋಡೋಣ, ಆಮೇಲೆ ಹಾಡಿನಲ್ಲಿ ಉಳಿದದ್ದನ್ನು, ಅನಂತರ ಸಾವಿನ ಮನೆಯ ಅಳುವನ್ನು, ಕೊನೆಗೆ ಕಾಗದವನ್ನು.

ಕಲ್ಲಿನಿಂದ ಶುರುಮಾಡುತ್ತೇನೆ. ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ 1947ರಲ್ಲಿ ಮಾರ್ಟಿಮರ್ ವ್ಹೀಲರ್ ಅಗೆತ ನಡೆಸಿದರು. ಅದಕ್ಕೂ ಮೊದಲೇ ಮೈಸೂರಿನ ಎಂ.ಎಚ್. ಕೃಷ್ಣ ಅವರು ಅಲ್ಲಿ ಕೆಲಸ ಮಾಡಿದ್ದರು. ಅಲ್ಲಿ ಸಿಕ್ಕಿದ್ದರಲ್ಲಿ ಮುಖ್ಯವಾದವು ಬೃಹತ್ ಶಿಲಾಯುಗದ ಸಮಾಧಿಗಳು. ನಾಲ್ಕು ಕಡೆ ಕಲ್ಲುಚಪ್ಪಡಿ ನಿಲ್ಲಿಸಿ, ಮೇಲೊಂದು ಚಪ್ಪಡಿ ಮುಚ್ಚಿ, ಒಂದು ಬದಿಯ ಚಪ್ಪಡಿಯಲ್ಲಿ ದುಂಡನೆಯ ಕಂಡಿ ಕೊರೆದ ಕಲ್ಲಿನ ಕೋಣೆಗಳು ಅವು. ಒಳಗೆ ಮಡಕೆ ಕುಡಿಕೆಗಳು, ಕಬ್ಬಿಣದ ಹತಾರಗಳು, ಒಬ್ಬರಿಗಿಂತ ಹೆಚ್ಚು ಜನರ ಮೂಳೆಗಳು. ಅಲ್ಲೇ ಸಿಕ್ಕ ಇನ್ನೊಂದು ಬಗೆಯ ಕಲ್ಲುಸುತ್ತಿನ ಗುಂಡಿಗಳಲ್ಲಿ ಮೂಳೆ ಇರಲಿಲ್ಲ. ಹೆಣವನ್ನು ಮೊದಲು ಆ ಗುಂಡಿಯಲ್ಲಿಟ್ಟು, ಮಾಂಸ ಕರಗಿದ ಮೇಲೆ ಮೂಳೆಗಳನ್ನು ಆಯ್ದು ಕಲ್ಲಿನ ಕೋಣೆಗೆ ಸೇರಿಸುತ್ತಿದ್ದರು ಎಂದು ವ್ಹೀಲರ್ ಊಹಿಸಿದರು. ಅವರ ಊಹೆ ಸರಿಯಾಗಿದ್ದರೆ, ಒಬ್ಬರು ಸತ್ತಾಗ ಊರಿನವರು ಎರಡು ಸಲ ಮಣ್ಣಿಗೆ ಹೋಗುತ್ತಿದ್ದರು. ಎರಡನೆಯ ಸಲಕ್ಕಾಗಿ ಕಾಯುತ್ತಿದ್ದರು, ಜಾಗ ಗುರುತಿಟ್ಟುಕೊಳ್ಳುತ್ತಿದ್ದರು. ಅಷ್ಟು ಭಾರದ ಚಪ್ಪಡಿಗಳನ್ನು ಒಂದು ಮನೆಯವರೇ ಎತ್ತಿ ನಿಲ್ಲಿಸಲಾರರು. ಊರೇ ಕೈ ಹಾಕಿರಬೇಕು. ಈ ಸೀಮೆಯಲ್ಲಿ ಸತ್ತವರಿಗಾಗಿ ಜನ ಪಟ್ಟ ಶ್ರಮಕ್ಕೆ ಇರುವ ಬಹು ಹಳೆಯ ಸಾಕ್ಷಿ ಇದು. ಆದರೆ ಅಲ್ಲಿ ಹೆಸರಿಲ್ಲ. ಯಾರ ಮೂಳೆ, ಯಾರ ಮಡಕೆ ಎಂದು ಹೇಳಲು ಅವರ ಬಳಿ ಲಿಪಿ ಇರಲಿಲ್ಲ.

ಲಿಪಿ ಬಂದದ್ದು ಅಶೋಕನ ಕಾಲಕ್ಕೆ. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗರಾಮೇಶ್ವರ ಈ ಮೂರೂ ಕಡೆ ಇರುವ ಅಶೋಕನ ಶಾಸನಗಳನ್ನು 1892ರಲ್ಲಿ ಬಿ.ಎಲ್. ರೈಸ್ ಬೆಳಕಿಗೆ ತಂದರು. ತಂದೆತಾಯಿಗಳ ಸೇವೆ ಮಾಡಬೇಕು, ಪ್ರಾಣಿಗಳ ಬಗ್ಗೆ ದಯೆ ಇರಬೇಕು, ನಿಜ ಹೇಳಬೇಕು, ಶಿಷ್ಯ ಗುರುವನ್ನು ಗೌರವಿಸಬೇಕು ಎಂಬ ಮಾತುಗಳು ಅಲ್ಲಿವೆ. ಇದನ್ನು ಶಾಲೆಯಲ್ಲೇ ಓದಿದ್ದೀರಿ. ನಾನು ನಿಮ್ಮ ಗಮನ ಸೆಳೆಯಬೇಕೆಂದಿರುವುದು ಕೊನೆಯ ಸಾಲಿನ ಕಡೆಗೆ. ಇದನ್ನು ಬರೆದವನು ಚಪಡ ಎಂದು ಲಿಪಿಕಾರ ತನ್ನ ಹೆಸರು ಹಾಕಿದ್ದಾನೆ. ತಾನು ಲಿಪಿಕಾರ ಎಂಬುದನ್ನು ಶಾಸನದ ಉಳಿದ ಭಾಗದಂತೆ ಬ್ರಾಹ್ಮಿಯಲ್ಲಿ ಬರೆಯದೆ, ದೂರದ ವಾಯವ್ಯ ನಾಡಿನ ಖರೋಷ್ಠಿ ಲಿಪಿಯಲ್ಲಿ ಬರೆದಿದ್ದಾನೆ. ಅಷ್ಟರಿಂದಲೇ ಅವನ ಬದುಕಿನ ಒಂದು ದೊಡ್ಡ ಸಂಗತಿ ನಮಗೆ ತಿಳಿಯುತ್ತದೆ: ಆ ಲಿಪಿಯನ್ನು ಬಲ್ಲವನೊಬ್ಬ, ಪ್ರಾಯಶಃ ಆ ಕಡೆಯಿಂದಲೇ ಬಂದವನು, ನಮ್ಮ ಬಂಡೆಯ ಎದುರು ಕೂತು ಕೆಲಸ ಮಾಡಿದ. ರಾಜನೂ ಅಲ್ಲದ, ವೀರನೂ ಅಲ್ಲದ ಒಬ್ಬ ಕೆಲಸಗಾರನ ಹೆಸರು ಎರಡು ಸಾವಿರ ವರ್ಷ ದಾಟಿ ನಿಂತಿರುವುದಕ್ಕೆ ಕಾರಣ ಒಂದೇ, ಅದನ್ನು ಯಾರೋ ಬರೆದರು. ಇಲ್ಲಿ ಅವನೇ ಬರೆದುಕೊಂಡ.

ಆಮೇಲಿನ ಶತಮಾನಗಳಲ್ಲಿ ಕಲ್ಲು ವೀರರ ಪಾಲಾಯಿತು. ತುರು ಕಾಯ್ದು ಮಡಿದವರಿಗೆ ವೀರಗಲ್ಲು, ಗಂಡನೊಡನೆ ಸತ್ತವರಿಗೆ ಮಾಸ್ತಿಗಲ್ಲು. ವೀರಗಲ್ಲಿನ ಕೆಳಗಡೆ ಹೋರಾಟ, ನಡುವೆ ಅಪ್ಸರೆಯರು ಕರೆದೊಯ್ಯುವುದು, ಮೇಲೆ ಶಿವನ ಸನ್ನಿಧಿ. ನಮ್ಮ ಎಷ್ಟೋ ಊರುಗಳ ಬಾಗಿಲಲ್ಲಿ ಈ ಕಲ್ಲುಗಳು ಎಣ್ಣೆ ಕುಡಿದು ಕಪ್ಪಾಗಿ ನಿಂತಿವೆ. ಸುಮ್ಮನೆ ದುಡಿದು, ಮಕ್ಕಳನ್ನು ಸಾಕಿ, ಹಾಸಿಗೆ ಹಿಡಿದು ಸತ್ತವರಿಗೆ ಅಲ್ಲಿ ಜಾಗವಿಲ್ಲ. ಇಷ್ಟು ಸಾಕು, ಕಲ್ಲನ್ನು ಇಲ್ಲಿಗೆ ಬಿಟ್ಟು ಹಾಡಿನ ಕಡೆಗೆ ಬರೋಣ.

ನಮ್ಮ ಸೀಮೆ ಮ್ಯಾಸಬೇಡರದು, ಕಾಡುಗೊಲ್ಲರದು, ಕುರುಬರದು. ದನ ಕುರಿಗಳ ಹಿಂದೆ ನಡೆದ ಜನ. ಇವರಲ್ಲಿ ಸತ್ತ ಹಿರಿಯರು ದೇವರಾಗುತ್ತಾರೆ. ಮ್ಯಾಸಬೇಡರಿಗೆ ಗಾದ್ರಿ ಪಾಲನಾಯಕ, ಕಾಡುಗೊಲ್ಲರಿಗೆ ಜುಂಜಪ್ಪ, ಎತ್ತಪ್ಪ, ಕ್ಯಾತಪ್ಪ. ಚಳ್ಳಕೆರೆ ತಾಲ್ಲೂಕಿನಲ್ಲಿ ನಡೆಯುವ ಕ್ಯಾತಪ್ಪನ ಪರಿಷೆಯಲ್ಲಿ ಬಾರೆ ಮುಳ್ಳಿನ ಗುಡಿ ಕಟ್ಟಿ, ಬರಿಗಾಲಲ್ಲಿ ಅದರ ಮೇಲೇರಿ ಕಳಶ ಇಳಿಸುವುದನ್ನು ನಿಮ್ಮಲ್ಲಿ ಅನೇಕರು ಕಣ್ಣಾರೆ ನೋಡಿದ್ದೀರಿ. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಗಳ ತೇರಿಗೆ ಎರಡೂ ತಾಲ್ಲೂಕಿನ ಜನ ಜಾತಿ ಮರೆತು ಸೇರುತ್ತಾರೆ. ಸ್ವಾಮಿಗಳ ನೆನಪು ಕೆರೆಗಳ ಜೊತೆ ಕೂಡಿಕೊಂಡಿದೆ. ನೀರಿಲ್ಲದ ನಾಡಿನಲ್ಲಿ ಕೆರೆ ಕಟ್ಟಿಸಿದವರನ್ನು ಜನ ಹೇಗೆ ಮರೆಯುತ್ತಾರೆ! ಜಟಿಂಗರಾಮೇಶ್ವರ ಬೆಟ್ಟವನ್ನೇ ನೋಡಿ. ಸೀತೆಗಾಗಿ ರಾವಣನೊಡನೆ ಕಾದಿ ಜಟಾಯು ಬಿದ್ದದ್ದು ಅಲ್ಲೇ ಎಂದು ಜನರ ನಂಬಿಕೆ. ಹಕ್ಕಿಯೊಂದರ ಸಾವನ್ನೂ ಬೆಟ್ಟದಷ್ಟು ಎತ್ತರದಲ್ಲಿಟ್ಟು ನೆನೆಯುವ ಸೀಮೆ ನಮ್ಮದು.

ಈ ಹಾಡುಗಳಲ್ಲಿ ಒಂದು ಗುಣವನ್ನು ನಾವು ಗಮನಿಸಬೇಕು. ಉದ್ದನೆಯ ಗಣೆ ಊದುತ್ತ ಜುಂಜಪ್ಪನ ಕಥೆ ಹೇಳುವವರು, ಅವನು ತನ್ನವರೇ ಇಕ್ಕಿದ ವಿಷದೂಟದಿಂದ ಸತ್ತನೆಂಬುದನ್ನು ಮುಚ್ಚಿಡುವುದಿಲ್ಲ. ದೇವರ ಕಥೆ ಎಂದು ಅದನ್ನು ತಿದ್ದಿ ಒಪ್ಪ ಮಾಡುವುದಿಲ್ಲ. ಮನೆಯೊಳಗಿನ ಮತ್ಸರ, ಬಂಧುಗಳ ಸಂಚು, ಎಲ್ಲವೂ ಹಾಡಿನಲ್ಲಿ ಹಾಗೇ ಬರುತ್ತವೆ. ನಾವು ಮೈಕು ಹಿಡಿದು ಮಾಡುವ ಶ್ರದ್ಧಾಂಜಲಿ ಭಾಷಣಗಳಿಗಿಂತ ಈ ಹಾಡುಗಳು ಎಷ್ಟೋ ಹೆಚ್ಚು ಪ್ರಾಮಾಣಿಕವಾಗಿವೆ ಎಂದು ನನ್ನ ಅಭಿಪ್ರಾಯ.

ಹಾಡಿದವರ ನೆನಪಿನ ಮಾತೂ ಇಲ್ಲೇ ಬರಬೇಕು. ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ ಅಕ್ಷರ ಕಲಿತವರಲ್ಲ. ಅವರ ಬಾಯಲ್ಲಿ ಸಾವಿರಾರು ತ್ರಿಪದಿಗಳಿದ್ದವು. ಕೃಷ್ಣಮೂರ್ತಿ ಹನೂರು ಅವರು ಆ ಹಟ್ಟಿಗೆ ಹೋಗಿ, ಕೂತು ಕೇಳಿ, ಬರೆದುಕೊಂಡು ‘ಸಾವಿರದ ಸಿರಿ ಬೆಳಗು’ ಎಂಬ ಸಂಗ್ರಹ ತಂದರು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಸಿರಿಯಜ್ಜಿಗೆ ನಾಡೋಜ ಗೌರವ ಕೊಟ್ಟಿತು. ಅಜ್ಜಿ ಈಗಿಲ್ಲ, ಹಾಡುಗಳಿವೆ. ಒಬ್ಬರು ಹೋಗಿ ಕೂತು ಕೇಳಿದ್ದರಿಂದ ಇಷ್ಟಾಯಿತು. ಅದೇ ಕಾಲದಲ್ಲಿ ಸುತ್ತಲ ಹಟ್ಟಿಗಳಲ್ಲಿ ಇನ್ನೆಷ್ಟು ಅಜ್ಜಿಯರು ಹಾಡುತ್ತಿದ್ದರೋ! ಅವರ ಬಳಿ ಹೋಗಿ ಕೂತವರಿಲ್ಲ. ಇದನ್ನು ಹೇಳುವಾಗ ನನಗೆ ನಿಜವಾಗಿಯೂ ಸಂಕಟವಾಗುತ್ತದೆ.

ಇನ್ನು ಸಾವಿನ ಮನೆಗೆ ಬರೋಣ. ಈ ಭಾಗವನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ನಮ್ಮ ಜನರ ನೆನಪಿನ ಶಕ್ತಿ ಪೂರ್ತಿ ತೆರೆದುಕೊಳ್ಳುವುದು ಅಲ್ಲಿ.

ಊರಲ್ಲಿ ಒಬ್ಬರು ತೀರಿಕೊಂಡರೆ ಅವತ್ತು ಹೊಲದ ಕೆಲಸ ನಿಲ್ಲುತ್ತದೆ. ನೆಂಟರು ಬರುವ ತನಕ ಹೆಣವನ್ನು ಕೂರಿಸಿರುತ್ತಾರೆ. ರಾತ್ರಿಯಾದರೆ ಭಜನೆಯವರು ತಾಳ, ಹಾರ್ಮೋನಿಯಂ ತಂದು ಬೆಳಗಿನ ತನಕ ತತ್ವಪದ ಹಾಡುತ್ತಾರೆ. ಇದರ ನಡುವೆ ಹೊರಗಿನಿಂದ ಒಬ್ಬ ಹೆಣ್ಣುಮಗಳು ಬರುತ್ತಾಳೆ. ತೀರಿಕೊಂಡವರ ಮಗಳೋ, ತಂಗಿಯೋ, ಬೀಗರ ಊರಿನಿಂದ ಬಂದ ಸೊಸೆಯ ತಾಯಿಯೋ. ಓಣಿಯ ತಿರುವಿನಲ್ಲೇ ಅವಳ ದನಿ ಏಳುತ್ತದೆ. ಅವಳು ಹಾಡಿಕೊಂಡು ಅಳುತ್ತಾಳೆ. “ಬರಗಾಲ್ದಾಗ ಒಲೆ ಹತ್ಸಿ ಅಂಬ್ಲಿ ಕಾಸಿದ್ಯಲ್ಲವ್ವಾ, ನನ್ ಕೂಸಿಗೆ ಮೊದ್ಲು ಬಿಟ್ಯಲ್ಲವ್ವಾ” ಎಂದು ಒಬ್ಬಳು ಎತ್ತಿದರೆ, ಒಳಗೆ ಕೂತವಳೊಬ್ಬಳು ಅದಕ್ಕೆ ಇನ್ನೊಂದು ಸೇರಿಸುತ್ತಾಳೆ: ಬಾಣಂತನಕ್ಕೆ ಬಂದು ಕೂತದ್ದು, ಕೊರಳ ತಾಳಿ ಅಡವಿಟ್ಟು ಬಾವಿ ತೋಡಿಸಿದ್ದು, ಬಾವಿಯಲ್ಲಿ ಕಲ್ಲು ಸಿಕ್ಕಿದ್ದು. ಆಂಧ್ರದ ಗಡಿಗೆ ಹತ್ತಿರದ ಮೊಳಕಾಲ್ಮುರು ಕಡೆಯ ಮನೆಗಳಲ್ಲಿ ಅಳು ಕನ್ನಡದಲ್ಲಿ ಶುರುವಾಗಿ ತೆಲುಗಿಗೆ ಹೊರಳುತ್ತದೆ, ಮತ್ತೆ ಕನ್ನಡಕ್ಕೆ ಬರುತ್ತದೆ. ತವರಿನ ನೆನಪು ಯಾವ ಭಾಷೆಯದೋ ಅಳುವೂ ಆ ಭಾಷೆಯದು.

ಅಳುವಿನಲ್ಲಿ ಹೊಗಳಿಕೆ ಮಾತ್ರ ಇರುವುದಿಲ್ಲ. “ಹೊಲ ಬರ್ಸ್ಕೊಂಡೋರು ಇವತ್ತು ಹೂವಿನ ಹಾರ ತಂದವ್ರೆ ನೋಡಪ್ಪಾ” ಎಂದು ಹೆಣದ ಮುಂದೆ, ನೂರು ಜನರೆದುರು, ಒಬ್ಬಳು ಹೇಳಿಬಿಡುತ್ತಾಳೆ. ಬೇರೆ ದಿನ ಆ ಮಾತು ಆಡಿದ್ದರೆ ಪಂಚಾಯಿತಿ ಸೇರಬೇಕಾಗುತ್ತಿತ್ತು. ಅವತ್ತು ಯಾರೂ ತಡೆಯುವುದಿಲ್ಲ. ಒಬ್ಬ ಮನುಷ್ಯನ ದುಡಿಮೆ, ಸಾಲ, ಉಪಕಾರ, ಅವನಿಗಾದ ಮೋಸ ಎಲ್ಲವೂ ಆ ಹೊತ್ತಿನಲ್ಲಿ ಹೊರಗೆ ಬರುತ್ತವೆ. ಇದಕ್ಕಿಂತ ಪೂರ್ಣವಾದ ಜೀವನಚರಿತ್ರೆಯನ್ನು ನಾನು ಎಲ್ಲೂ ಕೇಳಿಲ್ಲ. ಗಂಡಸರು ಹೊರಗೆ ಕಟ್ಟೆಯ ಮೇಲೆ ಕೂತು ಗುಂಡಿ ತೋಡುವವರನ್ನು, ವ್ಯಾನು ತರುವವರನ್ನು ಗೊತ್ತು ಮಾಡುತ್ತಿರುವಾಗ, ಒಳಗೆ ಹೆಂಗಸರು ಈ ದೊಡ್ಡ ಕೆಲಸ ಮಾಡುತ್ತಿರುತ್ತಾರೆ.

ಆಮೇಲೆ ಮೂರನೆಯ ದಿನ ಹಾಲು ತುಪ್ಪ, ಹನ್ನೊಂದಕ್ಕೆ ತಿಥಿ, ಕೆಲವರಲ್ಲಿ ಶಿವಗಣಾರಾಧನೆ. ಮಹಾಲಯ ಅಮಾವಾಸ್ಯೆಗೆ, ಮಾರ್ನಮಿಗೆ ಹಿರಿಯರ ಹಬ್ಬ: ಹೊಸಬಟ್ಟೆ ಇಟ್ಟು, ಅವರಿಗೆ ಇಷ್ಟವಾದದ್ದನ್ನೆಲ್ಲ ಎಡೆಗೆ ಬಡಿಸುತ್ತಾರೆ. ಬೀಡಿ ಸೇದುತ್ತಿದ್ದವರಿಗೆ ಬೀಡಿ ಕಟ್ಟನ್ನೂ ಇಡುತ್ತಾರೆ. ಮೊದಲ ವರ್ಷ ಎಡೆಯ ಮುಂದೆ ಮಾತು ಬಹಳ ನಡೆಯುತ್ತದೆ. ಮೂರನೆಯ ತಲೆಮಾರಿಗೆ ಹೆಸರು ಕೂಡ ಮರೆತುಹೋಗಿ, ಸತ್ತವರೆಲ್ಲ “ಹಿರಿಯರು” ಎಂಬ ಒಂದೇ ಗುಂಪಿಗೆ ಸೇರಿಬಿಡುತ್ತಾರೆ.

2020ರಲ್ಲಿ ಅಂತ್ಯಕ್ರಿಯೆಗೆ 20 ಜನಕ್ಕಿಂತ ಹೆಚ್ಚು ಸೇರಬಾರದೆಂಬ ನಿಯಮ ಬಂದಾಗ ಸಾವಿನ ಮನೆಯ ಈ ಅಳುವೂ ನಿಂತಿತು. ಕೊರೊನಾ ಕಾಲದಲ್ಲಿ ತೀರಿಕೊಂಡ ಎಷ್ಟೋ ಹಿರಿಯರ ಮುಂದೆ ಯಾರೂ ಕೂತು ಹಾಡಿಕೊಂಡು ಅಳಲಿಲ್ಲ. ಅವರ ಬಗ್ಗೆ ಊರು ಹೇಳಬೇಕಾದದ್ದು ಹೇಳದೆ ಉಳಿದಿದೆ. ಸತ್ತವರ ಬದುಕನ್ನು ಬರೆಯಹೊರಟವರು ಅವರನ್ನು ಮೊದಲು ನೆನೆಯಬೇಕು.

ಈಗ ಕೊನೆಯ ಭಾಗ, ಕಾಗದ. ಮೊದಲನೆಯದು ಮರಣ ನೋಂದಣಿ, ಅದು ತೀರಿಕೊಂಡ 21 ದಿನದೊಳಗೆ ಆಗಬೇಕು. 1969ರ ಕಾಯ್ದೆಯಡಿಯ ನಿಯಮ ಹಾಗೆ ಹೇಳುತ್ತದೆ. ಆ ವರದಿಯ ನಮೂನೆಯಲ್ಲಿ ಹೆಸರು, ವಯಸ್ಸು, ಉದ್ಯೋಗ, ಸಾವಿನ ಕಾರಣ ಕೇಳುತ್ತಾರೆ. ಎಷ್ಟು ವರ್ಷದಿಂದ ಬೀಡಿ ಸಿಗರೇಟು ಸೇದುತ್ತಿದ್ದರು, ಎಷ್ಟು ವರ್ಷದಿಂದ ತಂಬಾಕು ಅಗಿಯುತ್ತಿದ್ದರು ಎಂದೂ ಕೇಳುತ್ತಾರೆ. ಆರೋಗ್ಯದ ಲೆಕ್ಕಕ್ಕೆ ಅದು ಬೇಕೇ ಬೇಕು, ಆ ಕೆಲಸ ಅದು ಮಾಡುತ್ತದೆ. ಎರಡನೆಯದು ಪತ್ರಿಕೆಯ ಜಿಲ್ಲಾ ಪುಟದ ನಿಧನ ಸುದ್ದಿ: ಇಂತಿಂಥವರು ವಯೋಸಹಜ ಕಾಯಿಲೆಯಿಂದ ನಿಧನರಾದರು, ಮಕ್ಕಳು ಮೊಮ್ಮಕ್ಕಳು ಹಾಗೂ ಅಪಾರ ಬಂಧು ಬಳಗವನ್ನು ಅಗಲಿದ್ದಾರೆ, ಅಂತ್ಯಕ್ರಿಯೆ ಸ್ವಗ್ರಾಮದಲ್ಲಿ ನಡೆಯಿತು. ಮೂರನೆಯದು ಬಸ್ ಸ್ಟ್ಯಾಂಡಿನ ಫ್ಲೆಕ್ಸ್, ಭಾವಪೂರ್ಣ ಶ್ರದ್ಧಾಂಜಲಿ ಎಂಬ ದೊಡ್ಡಕ್ಷರ. ಇವುಗಳಲ್ಲಿ ಒಬ್ಬರ ಹೆಸರು ತೆಗೆದು ಇನ್ನೊಬ್ಬರ ಹೆಸರು ಹಾಕಿದರೂ ವ್ಯತ್ಯಾಸ ತಿಳಿಯುವುದಿಲ್ಲ. ಅಳುವ ಹೆಂಗಸು ಮಾತ್ರ ಒಬ್ಬರಿಗೆ ಹೇಳಿದ್ದನ್ನು ಇನ್ನೊಬ್ಬರಿಗೆ ಹೇಳುವುದಿಲ್ಲ. ಅವಳಲ್ಲಿರುವ ವಿವರ ಕಾಗದಕ್ಕೆ ಬರಬೇಕು. ನಾನು ಇವತ್ತು ಹೇಳಬೇಕೆಂದು ಬಂದಿರುವುದು ಇದೊಂದೇ.

ಇದಕ್ಕೆ ನಮ್ಮಲ್ಲೇ ದಾರಿ ತೋರಿಸಿದವರಿದ್ದಾರೆ. ಚಳ್ಳಕೆರೆ ತಾಲ್ಲೂಕಿನ ಬೆಳಗೆರೆ ಕೃಷ್ಣಶಾಸ್ತ್ರಿಗಳು ಮುಕುಂದೂರು ಸ್ವಾಮಿಗಳೆಂಬ ಸಂತರ ಬಗ್ಗೆ ‘ಯೇಗ್ದಾಗೆಲ್ಲಾ ಐತೆ’ ಎಂಬ ಪುಸ್ತಕ ಬರೆದರು. ಸ್ವಾಮಿಗಳ ಪವಾಡಗಳ ಪಟ್ಟಿ ಮಾಡಹೊರಟಿದ್ದರೆ ಆ ಪುಸ್ತಕ ಇಷ್ಟು ವರ್ಷ ಬಾಳುತ್ತಿರಲಿಲ್ಲ. ಸ್ವಾಮಿಗಳು ಹೇಗೆ ಮಾತಾಡುತ್ತಿದ್ದರೋ ಹಾಗೆಯೇ, ಹಳ್ಳಿಯ ಆಡುಮಾತಿನಲ್ಲೇ, ಏನು ತಿಂದರು, ಯಾರ ಮೇಲೆ ರೇಗಿದರು ಎಂಬುದರ ಜೊತೆಗೇ ಬರೆದರು. ಶಾಸ್ತ್ರಿಗಳು 2013ರಲ್ಲಿ ತೀರಿಕೊಂಡರು. ಅವರು ಹಾಕಿಕೊಟ್ಟ ರೀತಿ ಸಂತರಿಗೆ ಮಾತ್ರ ಮೀಸಲಾಗಬೇಕಿಲ್ಲ.

ಮೊಳಕಾಲ್ಮುರಿನ ರೇಷ್ಮೆ ನೇಕಾರರೊಬ್ಬರು ತೀರಿಕೊಂಡಾಗ ಅವರ ಮನೆಗೆ ಹೋಗಿದ್ದೆ. “ಅಪ್ಪ ಒಳ್ಳೆ ನೇಕಾರ” ಎಂದು ಮಗ ಹೇಳಿದ. ಅಷ್ಟಕ್ಕೇ ನಿಲ್ಲಿಸಿದ್ದರೆ ನಿಧನ ಸುದ್ದಿಯಷ್ಟೇ ಆಗುತ್ತಿತ್ತು. ಕುಣಿಮಗ್ಗದ ಹತ್ತಿರ ಕೂತು, ಅಂಚಿಗೆ ಬೇರೆ ಬಣ್ಣ ಬಂದಾಗ ಹೇಗೆ ನೇಯುತ್ತಿದ್ದರು ಎಂದು ಕೇಳಿದೆ. ಅದಕ್ಕೆ ಮೂರು ಲಾಳಿ ಬೇಕು, ಆಚೆ ತುದಿಯ ಲಾಳಿ ದಾಟಿಸಲು ಪಕ್ಕದಲ್ಲಿ ಇನ್ನೊಬ್ಬರು ಕೂರಬೇಕು ಎಂದ. ಯಾರು ಕೂರುತ್ತಿದ್ದರು? ಮೊದಲು ಚಿಕ್ಕಪ್ಪ, ಅವರು ಬೆಂಗಳೂರಿಗೆ ಹೋದ ಮೇಲೆ ಅವ್ವ. ಹೊಸ ಹಾಸಿನ ಎಳೆಗಳನ್ನು ಹಳೆಯ ಹಾಸಿನ ತುದಿಗೆ ಒಂದೊಂದಾಗಿ ಹೊಸೆದು ಕೂಡಿಸುತ್ತಿದ್ದವಳೂ ಅವ್ವ. ಬಾಗಿಲ ಬಳಿ ಸುಮ್ಮನೆ ಕೂತಿದ್ದ ಆ ತಾಯಿ ಆಗ ಬಾಯಿ ಬಿಟ್ಟರು. ಯಾವ ವರ್ಷ ರೇಷ್ಮೆ ದರ ಏರಿ ಮಗ್ಗ ನಿಂತಿತು, ಯಾವ ಸೀರೆಯ ಕೂಲಿಯಲ್ಲಿ ಮಗಳ ಮದುವೆಯಾಯಿತು, ಎಲ್ಲ ಹೇಳಿದರು. ಮೊಳಕಾಲ್ಮುರು ಸೀರೆಗೆ ಜಿಐ ಮಾನ್ಯತೆ ಬಂದಿದೆ, ಅದು ಊರಿಗೆ ಸಿಕ್ಕ ಗೌರವ. ಆ ಸೀರೆಯ ಅಂಚಿನಲ್ಲಿ ಎರಡನೆಯವರಾಗಿ ಕೂತ ಹೆಂಗಸರ ಹೆಸರು ಬರೆದಿಡುವುದು ನಾವೇ ಮಾಡಬೇಕಾದ ಕೆಲಸ.

ಹೀಗೆ ಕಸುಬಿನ ಪ್ರಶ್ನೆ ಕೇಳಬೇಕು. ಕಂಬಳಿ ನೇಯುವವರ ಮನೆಯಾದರೆ ಹುಣಸೆ ಬೀಜದ ಗಂಜಿ ಯಾರು ಕುದಿಸುತ್ತಿದ್ದರು, ಯಾರು ನೂಲುತ್ತಿದ್ದರು ಎಂದು ಕೇಳಿ. ದೇವರ ಎತ್ತುಗಳನ್ನು ಕಾಯ್ದ ಕಿಲಾರಿ ತೀರಿಕೊಂಡಿದ್ದರೆ, ಬರದ ವರ್ಷ ಮಂದೆ ಹೊಡೆದುಕೊಂಡು ಎಲ್ಲಿಗೆ ಹೋದರು, ಯಾವ ಹಳ್ಳದಲ್ಲಿ ನೀರು ಸಿಕ್ಕಿತು ಎಂದು ಕೇಳಿ. 2010ರ ಆಸುಪಾಸಿನಲ್ಲಿ ಚಳ್ಳಕೆರೆಯ ಅಮೃತ ಮಹಲ್ ಕಾವಲಿನ ಸಾವಿರಾರು ಎಕರೆ ಹುಲ್ಲುಗಾವಲು ರಕ್ಷಣಾ ಸಂಸ್ಥೆಗಳಿಗೆ, ವಿಜ್ಞಾನ ಸಂಸ್ಥೆಗಳಿಗೆ ಹೋಯಿತು, ಗೋಡೆ ಎದ್ದಿತು. ಗೋಡೆಯಾಚೆಯ ಹುಲ್ಲಿನ ಹೆಸರು, ಕಟ್ಟೆಗಳ ಹೆಸರು ಬಲ್ಲವರು ಈಗ ಎಪ್ಪತ್ತು ದಾಟಿದವರು. ಅವರು ಹೋದರೆ ಆ ನೆಲದ ಗುರುತೂ ಅವರ ಜೊತೆ ಹೋಗುತ್ತದೆ.

ಕಷ್ಟದ ಮಾತೂ ಒಂದಿದೆ. ನಮ್ಮ ಹಳ್ಳಿಗಳಲ್ಲಿ ಬದುಕಿನಲ್ಲಿದ್ದ ಗೆರೆ ಸ್ಮಶಾನದಲ್ಲೂ ಇದೆ. ಕೇರಿಯವರಿಗೆ ಹೂಳಲು ಜಾಗವಿಲ್ಲದೆ ಹಳ್ಳದ ದಂಡೆಯಲ್ಲಿ ಮಣ್ಣು ಮಾಡುವ ಊರುಗಳಿವೆ. ಊರಿನ ಎಲ್ಲರ ಮಣ್ಣಿಗೂ ತಮಟೆ ಬಡಿದವರ ಮಣ್ಣಿಗೆ ಊರು ಹೋಗುವುದಿಲ್ಲ. ಇವತ್ತು ತೀರಿಕೊಳ್ಳುತ್ತಿರುವ ಹಿರಿಯರಲ್ಲಿ, 1976ರ ಕಾಯ್ದೆಗೆ ಮುಂಚೆ ಜೀತಕ್ಕಿದ್ದವರಿದ್ದಾರೆ. ಯಾರ ಮನೆಯಲ್ಲಿ, ಎಷ್ಟು ಸಾಲಕ್ಕೆ, ಎಷ್ಟು ವರ್ಷ ಎಂಬುದು ಅವರ ಮಕ್ಕಳಿಗೆ ಗೊತ್ತು. ಧಣಿಗಳ ಮನೆಯವರಿಗೂ ಗೊತ್ತು. ಅದನ್ನು ಬಿಟ್ಟು ಅವರ ಬದುಕು ಬರೆದರೆ ಅರ್ಧ ಬರೆದಂತೆ. ಜುಂಜಪ್ಪನ ಹಾಡುಗಾರರಿಗೆ ಇರುವ ಧೈರ್ಯ ನಮಗೂ ಬೇಕು. ಆದರೆ ಹೆಸರು ಬರೆಯುವ ಮುನ್ನ ಆ ಮನೆಯವರನ್ನು ಕೇಳಲೇಬೇಕು. ಅವರು ಬೇಡವೆಂದರೆ ನಿಲ್ಲಿಸಬೇಕು. ನೋವು ಅವರದು, ತೀರ್ಮಾನವೂ ಅವರದು.

ಕೆಲಸ ನಡೆಯುವ ಬಗೆಯನ್ನು ಹೇಳಿ ಮುಗಿಸುತ್ತೇನೆ. ತಿಥಿ ಕಳೆದು ಮನೆ ಸ್ವಲ್ಪ ಸುಧಾರಿಸಿಕೊಂಡ ಮೇಲೆ, ಆ ಊರಿನ ವಿದ್ಯಾರ್ಥಿಯೇ ಹೋಗಲಿ. ಒಬ್ಬರಿಗೆ ಎರಡು ಪುಟ ಸಾಕು. ಮನೆಯವರು ಆಡಿದ ಮಾತನ್ನು ತಿದ್ದದೆ ಬರೆಯಿರಿ. ‘ಐತೆ’ ಎಂದದ್ದನ್ನು ‘ಇದೆ’ ಮಾಡಬೇಡಿ. ಹೆಂಗಸರನ್ನು ಬೇರೆಯಾಗಿ ಕೇಳಿ, ಗಂಡಸರ ಮುಂದೆ ಅವರು ಎಲ್ಲ ಹೇಳುವುದಿಲ್ಲ. ಬರೆದದ್ದನ್ನು ವರ್ಷದ ತಿಥಿಯ ದಿನ ಮನೆಯವರ ಮುಂದೆ ಓದಿ. ಯಾರಾದರೂ “ಹಂಗಲ್ಲ, ಹಿಂಗಾಗಿದ್ದು” ಎಂದರೆ ಅದನ್ನೂ ಅದೇ ಪುಟದ ಅಂಚಿನಲ್ಲಿ ಬರೆದುಕೊಳ್ಳಿ. ಒಂದು ಪ್ರತಿ ಮನೆಗೆ, ಒಂದು ಪ್ರತಿ ಗ್ರಾಮ ಪಂಚಾಯಿತಿಯ ಅರಿವು ಕೇಂದ್ರಕ್ಕೆ, ಒಂದು ಈ ಕಾಲೇಜಿನ ಕನ್ನಡ ವಿಭಾಗಕ್ಕೆ ಇರಲಿ. ಈ ದತ್ತಿಯ ಬಡ್ಡಿಯಲ್ಲಿ ಒಂದು ಭಾಗವನ್ನು ನೋಟ್‌ಪುಸ್ತಕ, ಝೆರಾಕ್ಸ್, ಬಸ್ ಚಾರ್ಜಿಗೆ ಕೊಡಬಹುದೇ ಎಂದು ದಾನಿಗಳ ಮನೆಯವರಲ್ಲಿ ಸಭೆಯ ಎದುರೇ ಕೇಳಿಕೊಳ್ಳುತ್ತಿದ್ದೇನೆ. ಹೋಗಲು ಸಿದ್ಧರಿರುವ ವಿದ್ಯಾರ್ಥಿಗಳು ಸಭೆ ಮುಗಿದ ಮೇಲೆ ತಮ್ಮ ಊರಿನ ಹೆಸರು ಬರೆಸಿ ಹೋಗಿ; ನಾನು ಇಲ್ಲೇ ಇರುತ್ತೇನೆ.